ಸಿನಿಮಾ ನೋಡದ ಮಾಮಿಯ ಸಿನಿಮಾ ತೀರ್ಪು

ನಮ್ಮ ಮಾಮಿಯಷ್ಟು ಸಿನಿಮಾ ತಿಳಿದವರು ಬಂಟ್ವಾಳದಲ್ಲಿ ಹುಟ್ಟಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಕಾಣುವುದಿಲ್ಲ. ಯಾವ ಹಾಡು ನಿಲ್ಲುತ್ತದೆ, ಯಾವುದು ವಾರದೊಳಗೆ ಹಳಸುತ್ತದೆ, ಯಾವ ಪಿಚ್ಚರು ಓಡುತ್ತದೆ, ಯಾವುದು ಮಲಗುತ್ತದೆ ಎಂದು ಅವರು ಒಮ್ಮೆ ಹೇಳಿದರೆ ಬ್ರಹ್ಮನೂ ಬದಲಾಯಿಸುವಂತಿರಲಿಲ್ಲ. ಒಂದೇ ಒಂದು ಸಣ್ಣ ತೊಡಕು. ಮಾಮಿ ಸಿನಿಮಾ ನೋಡಿರಲಿಲ್ಲ. ಒಂದನ್ನೂ ನೋಡಿರಲಿಲ್ಲ!

ನಗಬೇಡಿ. ನಾನೂ ಮೊದಲು ನಕ್ಕವಳೇ. ಆಮೇಲೆ ನನ್ನ ಗತಿ ಏನಾಯಿತೆಂದು ಕೇಳಿ.

ಮಾಮಿ ಎಂದರೆ ನನ್ನ ತಂದೆಯ ಅಕ್ಕ. ನರಿಕೊಂಬಿನ ಶಾಲೆಯಲ್ಲಿ ನನಗೆ ಟೀಚರ್ ಕೆಲಸ ಸಿಕ್ಕಿದಾಗ ಮೂಡಬಿದ್ರೆಯಿಂದ ಟ್ರಂಕು ಹಿಡಿದುಕೊಂಡು ಬಂದು ಇಳಿದದ್ದು ಅವರ ಮನೆಗೆ. ಹೊಳೆಯ ಈಚೆ ಬಂಟ್ವಾಳದ ಬದಿಯಲ್ಲಿ ಅವರ ಮನೆ, ಆಚೆ ದಡದಲ್ಲಿ ನನ್ನ ಶಾಲೆ, ನಡುವೆ ದೋಣಿ. ಮನೆಗೂ ಹೊಳೆಗೂ ಮಧ್ಯೆ ಒಂದು ದೊಡ್ಡ ಗದ್ದೆ. ಕೊಯ್ಲು ಮುಗಿದು ಗದ್ದೆ ಬೋಳಾದ ಕೂಡಲೇ ಅಲ್ಲಿ ಟೂರಿಂಗ್ ಟಾಕೀಸಿನ ಡೇರೆ ಏಳುತ್ತಿತ್ತು. ಡೇರೆಯ ಪಕ್ಕದ ಕಂಬದ ತುದಿಯಲ್ಲಿ ಒಂದು ಹಾರ್ನು. ಸಂಜೆ ಆಟಕ್ಕೆ ಮೊದಲು ಹಾಡಿನ ಪ್ಲೇಟುಗಳು ಅದರಲ್ಲಿ, ಆಟ ಶುರುವಾದ ಮೇಲೆ ಪಿಚ್ಚರಿನ ಮಾತು, ಹಾಡು, ಅಳು, ಗುದ್ದಾಟ ಎಲ್ಲವೂ ಅದರಲ್ಲೇ. ಆ ಹಾರ್ನಿನ ಬಾಯಿ ಇದ್ದದ್ದು ಪೇಟೆಯ ಕಡೆಗೆ, ಅಂದರೆ ನೇರವಾಗಿ ನಮ್ಮ ಮಾಮಿಯ ಜಗಲಿಗೆ!

ಜಗಲಿಯಲ್ಲಿ ಮಾಮಿ ಮಡಿಲಿನಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಾ ಕೂರುತ್ತಿದ್ದರು. ಅದು ಅವರ ಕುರ್ಚಿ ಕ್ಲಾಸು. ಪ್ರತಿ ಪಿಚ್ಚರನ್ನೂ ಅದು ಇರುವಷ್ಟು ದಿನ, ಮೊದಲಿನಿಂದ ಮಂಗಳದವರೆಗೆ ಕೇಳುತ್ತಿದ್ದರು.

"ಗದ್ದೆ ದಾಟಿದ್ರೆ ಡೇರೆ ಉಂಟಲ್ಲ ಮಾಮಿ, ಒಳಗೆ ಹೋಗಿ ನೋಡಬಾರದಾ?" ಎಂದು ನಾನು ಬಂದ ಹೊಸತರಲ್ಲಿ ಕೇಳಿದ್ದೆ.

"ಕಣ್ಣು ಉಂಟಲ್ಲ ಮಗಾ, ಅದು ಲಂಚ ತಿನ್ನುವ ಜಾತಿ. ಚಂದದ ಮೋರೆ ಕಂಡರೆ ಸಾಕು, ಕೆಟ್ಟ ಪದ್ಯವನ್ನೂ ಪಾಸು ಮಾಡಿ ಬಿಡ್ತದೆ. ಕಿವಿ ಹಾಗಲ್ಲ. ಅದು ಬಡವ, ಆದ್ರೆ ಮರ್ಯಾದಸ್ಥ."

ನಮ್ಮ ಕಡೆ ಸಿನಿಮಾ ಹಾಡಿಗೂ ಪದ್ಯ ಎಂದೇ ಹೆಸರು. ಯಕ್ಷಗಾನ ಕೇಳಿ ಬೆಳೆದವರಿಗೆ ಭಾಗವತರು ಹೇಳಿದರೂ ಪದ್ಯ, ಹಾರ್ನು ಹೇಳಿದರೂ ಪದ್ಯ. ಪದ್ಯಗಳ ಬಗ್ಗೆ ಮಾಮಿಯ ಅಭಿಪ್ರಾಯ ಕೇಳಬೇಕು ನೀವು! ಹತ್ತಾರು ಪಿಟೀಲುಗಳು ಒಟ್ಟಿಗೆ ಅಳಲು ಶುರು ಮಾಡಿದವೋ, "ಇದರಲ್ಲಿ ಸ್ವಂತ ದುಃಖ ಇಲ್ಲ, ಅಳುವುದಕ್ಕೆ ಕೂಲಿಗೆ ಜನ ತಂದಿದ್ದಾರೆ" ಎನ್ನುತ್ತಿದ್ದರು. ದೇಶವೆಲ್ಲ ತಲೆಯ ಮೇಲೆ ಹೊತ್ತ ಒಬ್ಬ ಗಾಯಕನ ಬಗ್ಗೆ, "ಸ್ವರ ಒಳ್ಳೆಯದೇ. ಆದ್ರೆ ಪಾಪ, ಊಟ ಆದ ಕೂಡಲೇ ಹಾಡಿಸಿದ್ದಾರೆ." ಹಾಡಿಗೆ ಮೊದಲು ವಾದ್ಯ ಉದ್ದವಾದರೆ, "ಪದ್ಯ ಶುರು ಆಗುವಾಗ ನನ್ನ ಕುಚ್ಚಲಕ್ಕಿ ಬೆಂದಿರ್ತದೆ." ಪ್ಲೇಟಿನ ಒಂದೇ ಬದಿ ಚೆನ್ನಾಗಿದ್ದರೆ ಅವರಿಗೆ ಸಮಾಧಾನವಿಲ್ಲ. "ಒಂದು ಬದಿ ಬೆಂದ ದೋಸೆ ಯಾರಾದ್ರೂ ಬಡಿಸ್ತಾರಾ?" ಹಿಂದಿ ಹಾಡಾದರೆ? ಹಿಂದಿಯ ಒಂದು ಅಕ್ಷರ ಮಾಮಿಗೆ ಗೊತ್ತಿಲ್ಲ. ತೀರ್ಪಿಗೆ ಅದರಿಂದ ಏನೂ ಅಡ್ಡಿಯಿಲ್ಲ!

ಒಮ್ಮೆ ಒಂದು ಜೋಡಿ ಹಾಡು ಬರುತ್ತಿತ್ತು. ಮಾಮಿ ಬೀಡಿ ಎಲೆ ಸುರುಳಿ ಸುತ್ತುತ್ತಾ ಹೇಳಿದರು. "ಈ ಹುಡುಗಿ ಅವನನ್ನು ನೋಡಿ ಹಾಡುವುದಲ್ಲ, ಕನ್ನಡಿ ನೋಡಿ ಹಾಡುವುದು. ಇವರ ಸಂಸಾರ ನಡೆಯುವುದಿಲ್ಲ." ನನಗೆ ನಗು ತಡೆಯಲಿಲ್ಲ. ಮರುದಿನ ಟಿಕೆಟು ತೆಗೆದು, ಹೆಂಗಸರ ಕಡೆ ನೂಕುನುಗ್ಗಲಲ್ಲಿ ಕೂತು ಪಿಚ್ಚರು ನೋಡಿದೆ. ಇಂಟರ್ವಲ್ಲು ಮುಗಿದದ್ದೇ ತಡ, ಅವಳು ಅವನನ್ನು ಬಿಟ್ಟು ಸಾಹುಕಾರನ ಕಾರು ಹತ್ತಿದಳು! ಮನೆಗೆ ಬಂದಾಗ ಮಾಮಿ ನನ್ನ ಮೋರೆ ನೋಡಿ ಒಂದು ಲೋಟ ಮಜ್ಜಿಗೆ ಕೊಟ್ಟರು, ಅಷ್ಟೇ. ಅದಕ್ಕಿಂತ ಬೈದಿದ್ದರೆ ವಾಸಿ ಇತ್ತು.

ಬೀಡಿಯೂ ಪದ್ಯದ ಮೇಲೆ ನಿಂತಿತ್ತು. ಒಳ್ಳೆಯ ತಾಳ ಬಿದ್ದರೆ ಬೀಡಿಗಳು ಸಿಪಾಯಿಗಳಂತೆ ನೆಟ್ಟಗೆ ಬರುತ್ತಿದ್ದವು. ಕೆಟ್ಟ ಪಿಚ್ಚರಿನ ವಾರ ನೂಲೇ ನಿಲ್ಲುತ್ತಿರಲಿಲ್ಲ. ಬೀಡಿ ಪರೀಕ್ಷೆ ಮಾಡುವ ಚೆಕ್ಕರು ಒಂದು ಕಟ್ಟು ಎತ್ತಿ ಬೆಳಕಿಗೆ ಹಿಡಿದು, "ಅಕ್ಕ, ಈ ವಾರದ ಪಿಚ್ಚರಿಗೆ ನಾನು ಹೋಗುವುದು ಬೇಡ ಅಲ್ಲವಾ?" ಎಂದು ಕೇಳುತ್ತಿದ್ದ.

ಇನ್ನು ಮಾವನ ವಿಷಯ. ಮಾಮಿಯ ಗಂಡನಿಗೆ ಕಿವಿ ಕೇಳುತ್ತಿರಲಿಲ್ಲ. ಮದುವೆಯಾದ ಸ್ವಲ್ಪ ವರ್ಷಕ್ಕೆ ಮನೆಯ ಬಾವಿ ತೋಡುವಾಗ ಬಂಡೆಗೆ ಇಟ್ಟ ಸಿಡಿಮದ್ದು ಅವರು ದೂರ ಓಡುವ ಮೊದಲೇ ಸಿಡಿದಿತ್ತಂತೆ. ಬಾವಿಗೆ ಒಳ್ಳೆಯ ನೀರು ಬಂತು, ಮಾವನ ಎರಡೂ ಕಿವಿ ಹೋಯಿತು. ಎದುರು ಕೂತು ನಿಧಾನಕ್ಕೆ ಆಡಿದ ಮಾತನ್ನು ತುಟಿ ನೋಡಿ ತಿಳಿಯುತ್ತಿದ್ದರು. ಆದರೆ ಪಿಚ್ಚರೆಂದರೆ ಪ್ರಾಣ! ದಿನವೂ ಎಣ್ಣೆ ಹಚ್ಚಿ ತಲೆ ಬಾಚಿ, ಶಾಲು ಹೊದ್ದು ಎಲ್ಲರಿಗಿಂತ ಮೊದಲು ಡೇರೆಗೆ ಹೊರಡುತ್ತಿದ್ದರು.

ಅಂದರೆ ಪರಿಸ್ಥಿತಿ ನೋಡಿ. ಮಾವ ನೋಡುತ್ತಿದ್ದರು, ಕೇಳುತ್ತಿರಲಿಲ್ಲ. ಮಾಮಿ ಕೇಳುತ್ತಿದ್ದರು, ನೋಡುತ್ತಿರಲಿಲ್ಲ. ಆಟ ಬಿಟ್ಟ ಮೇಲೆ ಇಬ್ಬರೂ ಗಂಜಿ ಊಟಕ್ಕೆ ಕೂತು ಪಿಚ್ಚರಿನ ಕಥೆಗಾಗಿ ಜಗಳ ಶುರು ಮಾಡುತ್ತಿದ್ದರು.

"ಆ ಹೆಂಗಸು ಅವನ ತಾಯಿ," ಎಂದರು ಮಾವ ಒಮ್ಮೆ. "ಅನ್ನ ಬಡಿಸಿದ್ದು ನಾನೇ ನೋಡಿದ್ದೇನೆ."

"ಆ ಸ್ವರಕ್ಕೆ ಇನ್ನೂ ಮದುವೆಯೇ ಆಗ್ಲಿಲ್ಲ!" ಮಾಮಿ ಕೈ ಬಾಯಿ ಎರಡರಲ್ಲೂ ಹೇಳಿದರು.

"ಅವಳು ಅವನ ಅತ್ತಿಗೆ," ಎಂದೆ ನಾನು. ನಾನು ನೋಡಿಯೂ ಇದ್ದೆ, ಕೇಳಿಯೂ ಇದ್ದೆ.

ಇಬ್ಬರೂ ನನ್ನ ಕಡೆ ತಿರುಗಿದರು. "ನೀನು ಸುಮ್ಮನಿರು, ನಿನಗೆ ಎಂತ ಗೊತ್ತುಂಟು?" ಈ ಒಂದು ವಿಷಯದಲ್ಲಿ ಮಾತ್ರ ಗಂಡ ಹೆಂಡತಿ ಯಾವಾಗಲೂ ಒಂದು!

ಮಾಮಿಯ ಕೀರ್ತಿ ಬೆಳ್ತಂಗಡಿಗೆ ಹಬ್ಬಿದ್ದು ಅಳದಂಗಡಿಯ ಒಂದು ಮದುವೆಯಿಂದ. ಆಗ ಮದುವೆ ಚಪ್ಪರಕ್ಕೆ ಮೈಕು ಸೆಟ್ಟು ತರಿಸುವುದು ಹೊಸ ಶೋಕಿ. ಧಾರೆಗೆ ಇನ್ನೇನು ಸಿದ್ಧತೆಯಾಗುತ್ತಿತ್ತು. ಮೈಕಿನವನು ಒಂದು ಹಿಂದಿ ಪ್ಲೇಟು ಹಾಕಿದ. ಎಂಥ ಇಂಪು! ಬೀಗರ ಕಡೆಯವರೆಲ್ಲ ತಲೆದೂಗಿದರು. ಮಾಮಿ ಅಡಿಗೆ ಕೊಟ್ಟಿಗೆಯಿಂದ ತೆಂಗಿನಕಾಯಿ ತುರಿ ಮೆತ್ತಿದ ಕೈಯಲ್ಲೇ ಓಡಿ ಬಂದರು.

"ನಿಲ್ಲಿಸು ಮಾರಾಯ, ನಿಲ್ಲಿಸು! ಇದು ಸತ್ತವರ ಪದ್ಯ!"

"ಎಂತ ಅಕ್ಕ, ನಿಮಗೆ ಹಿಂದಿ ಬರ್ತದಾ?" ಅವನಿಗೆ ತಮಾಷೆ.

"ಅಳುವುದಕ್ಕೆ ಹಿಂದಿ ಎಂತಕ್ಕೆ? ಪ್ರತಿ ಸಾಲಿನ ಕೊನೆಗೆ ಇವನ ಸ್ವರ ಕೆಳಗೆ ಕೂರ್ತದೆ. ಮದುಮಗ ಯಾರಾದ್ರೂ ಹಾಗೆ ಕೂರ್ತಾನಾ?"

ಚಪ್ಪರವೆಲ್ಲ ನಗೆಯಲ್ಲಿ ಮುಳುಗಿತು. ಮಾಮಿಯ ಮಾನ ಹೋಯಿತೆಂದು ನಾನು ಕಂಬದ ಹಿಂದೆ ಸರಿದೆ. ಅಷ್ಟರಲ್ಲಿ ಬೊಂಬಾಯಿಯ ಹೋಟೆಲಿನಲ್ಲಿ ಹತ್ತಾರು ವರ್ಷ ಕೆಲಸ ಮಾಡಿ ಬಂದಿದ್ದ ಒಬ್ಬರು ಎದ್ದು ನಿಂತು, ಗಂಟಲು ಸರಿ ಮಾಡಿಕೊಂಡು ಹೇಳಿದರು. "ಅಕ್ಕ ಹೇಳುವುದು ಸರಿ ಉಂಟು. ಇದು ಹೆಂಡತಿಯ ಹೆಣ ಸುಟ್ಟು ಬಂದವನು ಹೇಳುವ ಪದ್ಯ." ಮೈಕಿನವನು ಹಾರಿ ಹೋಗಿ ಪ್ಲೇಟಿನ ಮುಳ್ಳು ಎತ್ತಿದ! ಮದುಮಗನ ತಾಯಿ ಮಾಮಿಯ ಕಾಲಿಗೆ ಬೀಳುವುದೊಂದು ಬಾಕಿ. ಅಂದಿನಿಂದ ನಾರಾವಿಯವರೆಗೆ ಯಾವ ಮದುವೆಯಿದ್ದರೂ ಮೈಕಿನವನು ಪ್ಲೇಟಿನ ಪೆಟ್ಟಿಗೆ ಹಿಡಿದುಕೊಂಡು ಮೊದಲು ನಮ್ಮ ಜಗಲಿಗೆ ಬರುತ್ತಿದ್ದ.

ಆದರೆ ಕೀರ್ತಿ ಹೆಚ್ಚಾದರೆ ಕೇಡೂ ಹೆಚ್ಚು. ಆ ವರ್ಷ ಡೇರೆಗೆ ಬಂದ ಮೂರು ಪಿಚ್ಚರುಗಳಿಗೂ ಮಾಮಿಯ ತೀರ್ಪು ಒಂದೇ. "ಬೇಡ." ಅಷ್ಟೇ ಹೇಳಿದ್ದು. ಬಂಟ್ವಾಳದ ಪೇಟೆ ಅಷ್ಟನ್ನೇ ಕೇಳಿ ಮನೆಯಲ್ಲಿ ಕೂತಿತು. ಡೇರೆಯ ನೆಲದಲ್ಲಿ ನಾಯಿಗಳು ಕಾಲು ಚಾಚಿ ಮಲಗಿ ಪಿಚ್ಚರು ನೋಡಿದವು.

ಒಂದು ಮಧ್ಯಾಹ್ನ ಡೇರೆಯ ಧಣಿ ನೇರ ಜಗಲಿಗೆ ಬಂದರು. ಒಳ್ಳೆಯ ಮನುಷ್ಯ, ದೊಡ್ಡ ಹೊಟ್ಟೆ, ಸಣ್ಣ ಸ್ವರ.

"ಅಕ್ಕಾ, ನನ್ನ ಹೊಟ್ಟೆಗೆ ಹೊಡೀಬೇಡಿ. ಈ ವಾರ ಹೀಗೇ ಆದ್ರೆ ನಾನು ಡೇರೆ ಕಿತ್ತು ಮೂಡಬಿದ್ರೆಗೆ ಹೋಗ್ತೇನೆ. ಮತ್ತೆ ಈ ಕಡೆ ಬರುವುದಿಲ್ಲ."

"ಕೆಟ್ಟದ್ದನ್ನು ಒಳ್ಳೆಯದು ಅಂತ ಹೇಳ್ಬೇಕಾ ನಾನು?"

"ಹೇಳ್ಬೇಡಿ. ಸುಮ್ಮನಾದ್ರೂ ಇರಿ ಮಾರಾಯ್ರೆ!"

ಮಾಮಿಗೆ ಸುಮ್ಮನಿರುವುದು ಸುಳ್ಳು ಹೇಳುವುದಕ್ಕಿಂತ ಕಷ್ಟ. ಆದರೆ ಅಂದು ಅವರು ನಿಜಕ್ಕೂ ಸುಮ್ಮನಾದರು. ಧಣಿಯ ಮಾತನ್ನು ಎದುರಿಗೇ ಕೂತಿದ್ದ ಮಾವ ತುಟಿ ನೋಡಿ ತಿಳಿದಿದ್ದರು. ಎದ್ದು ಬಾವಿಕಟ್ಟೆಯ ಕಡೆ ಹೋದರು. ಹೋಗುವಾಗ ಅವರ ಮುಖ ನೋಡಿದವರಿಗೆ ಅನ್ನ ಸೇರುವಂತಿರಲಿಲ್ಲ. ಮಾವನಿಗೆ ಊರಿನಲ್ಲಿ ಬೇರೆ ಯಾವ ಕೂಟವಿತ್ತು ಹೇಳಿ? ಹೋಟೆಲಿನ ಹರಟೆ ಕೇಳುವುದಿಲ್ಲ, ಬರೀ ಮಾತು ಪದ್ಯದಲ್ಲೇ ನಡೆಯುವ ತಾಳಮದ್ದಳೆಯಂತೂ ಇಲ್ಲವೇ ಇಲ್ಲ. ಮೊದಲು ಭಾಗವತರ ಪದ್ಯಕ್ಕಾಗಿ ಮೈಲುಗಟ್ಟಲೆ ನಡೆಯುತ್ತಿದ್ದ ಮನುಷ್ಯ. ನಾಲ್ಕು ಜನರ ನಡುವೆ ಕೂತು, ಅವರು ನಕ್ಕಾಗ ತಾನೂ ನಗುವ ಜಾಗ ಎಂದರೆ ಆ ಡೇರೆ ಒಂದೇ. ಅದನ್ನು ಮಾಮಿಯ ನಾಲಿಗೆಯೇ ಕೀಳಿಸುವುದರಲ್ಲಿತ್ತು.

ಮಾಮಿ ಮೊರ ಪಕ್ಕಕ್ಕಿಟ್ಟರು. "ಧಣಿಗಳೇ, ಮುಂದಿನ ಪಿಚ್ಚರಿನ ಪ್ಲೇಟು ಎಲ್ಲಾ ತನ್ನಿ. ಪ್ಲೇಟು ತಿರುಗಿಸುವ ಪೆಟ್ಟಿಗೆಯನ್ನೂ ತನ್ನಿ."

ಮುಂದಿನದು ರಾಜರಾಣಿಯರ, ಕತ್ತಿ ಯುದ್ಧದ ಪಿಚ್ಚರು. ಬೆಳ್ತಂಗಡಿಯಲ್ಲಿ ಮೂರು ದಿನವೂ ನಿಲ್ಲದೆ ಮುಗ್ಗರಿಸಿ ಬಂದದ್ದು. ಧಣಿ ಜಂಬದಿಂದ ಹಾಕಿದ ಹಾಡುಗಳನ್ನೆಲ್ಲ ಮಾಮಿ ಒಂದೊಂದು ಸಾಲಿಗೇ ಮುಗಿಸಿದರು. "ಬೇಡ... ಇದು ಕಂಚಿನ ಪಾತ್ರೆ ಬಿದ್ದ ಸದ್ದು... ಇವನಿಗೆ ಶೀತ." ಧಣಿಯ ಹಣೆಯಲ್ಲಿ ಬೆವರು. ಕೊನೆಗೆ ಮಾಮಿ ಕೇಳಿದರು. "ಈ ಪ್ಲೇಟಿನ ಹಿಂದಿನ ಬದಿ?"

"ಅದನ್ನು ಯಾರೂ ಹಾಕುವುದಿಲ್ಲ ಅಕ್ಕ. ಮಗು ಮಲಗಿಸುವ ಪದ್ಯ. ಜನ ನಿದ್ದೆ ಹೋಗ್ತಾರೆ."

ಹಾಕಿದರು. ಒಂದು ಹೆಂಗಸಿನ ಸ್ವರ. ಜೊತೆಗೆ ಒಂದೇ ಒಂದು ಕೊಳಲು, ಅದರ ಕೆಳಗೆ ನಿಧಾನಕ್ಕೆ ನಡೆಯುವ ತಬಲ. ಮಾಮಿ ಪದ್ಯ ಮುಗಿಯುವವರೆಗೆ ಅಲ್ಲಾಡಲಿಲ್ಲ. ಪದ್ಯ ಮುಗಿದು ಮುಳ್ಳು ಕರಕರ ಎನ್ನುತ್ತಿದ್ದರೂ ಅಲ್ಲಾಡಲಿಲ್ಲ. ನನಗೆ ಹೆದರಿಕೆಯಾಯಿತು.

"ಇದನ್ನು ಹಾಕಿ," ಎಂದರು ಕೊನೆಗೆ. "ದೀಪ ಹಚ್ಚುವ ಹೊತ್ತಿಗೆ ಇದೊಂದನ್ನೇ. ಮತ್ತೆ ಹಾರ್ನು ತಿರುಗಿಸಿ, ಹೊಳೆಯ ಕಡೆಗೆ."

"ಹೊಳೆಗಾ? ಮೀನು ಟಿಕೆಟು ತೆಗೀತದಾ ಅಕ್ಕ?"

"ಹೊಳೆಯ ಆಚೆ ನರಿಕೊಂಬು ಇಲ್ಲವಾ? ನೀವು ಇಷ್ಟು ವರ್ಷ ಪೇಟೆಯವರ ಕಿವಿಯಲ್ಲಿ ಕೂಗಿದಿರಿ. ಅವರು ಇಡೀ ಪಿಚ್ಚರನ್ನು ಮನೆಯಲ್ಲೇ ಕೇಳ್ತಾರೆ, ನನ್ನ ಹಾಗೆ. ಮತ್ತೆ ಟಿಕೆಟು ಎಂತಕ್ಕೆ ತೆಗೀತಾರೆ? ಅರ್ಧ ಕೇಳಿದವರಿಗೇ ಪೂರ್ತಿ ಕೇಳುವ ಆಸೆ ಆಗುವುದು. ನೀರಿನ ಮೇಲೆ ಸ್ವರ ದೂರ ಹೋಗ್ತದೆ. ತಿರುಗಿಸಿ ನೋಡುವ."

ಧಣಿ ಹೋದ ಮೇಲೆ ನನಗೆ ತಟ್ಟನೆ ಹೊಳೆಯಿತು. "ಮಾಮಿ, ಹಾರ್ನು ಆಚೆ ತಿರುಗಿದ್ರೆ ನಿಮಗೆ ಕೇಳುವುದಿಲ್ಲವಲ್ಲ?"

"ಡೇರೆ ಮೂಡಬಿದ್ರೆಗೆ ಹೋದ್ರೆ ಹೇಗೂ ಕೇಳುವುದಿಲ್ಲ," ಎಂದು ಮಾಮಿ ಮಾವ ಹೋದ ಬಾವಿಕಟ್ಟೆಯ ಕಡೆ ನೋಡಿ ಮೊರ ಎತ್ತಿಕೊಂಡರು. "ಇಲ್ಲೇ ಉಳಿದ್ರೆ ಅವರಾದ್ರೂ ನೋಡ್ತಾರೆ."

ದೋಣಿ ನಡೆಸುವ ಮುದುಕ ಕಾಕನ ಹತ್ತಿರ ಮಾಮಿಯೇ ಹೋಗಿ ಮಾತಾಡಿದರು. ಆಟ ಬಿಡುವವರೆಗೆ ದೋಣಿ ನಿಲ್ಲಬೇಕು. ಕಾಕ ಗಡ್ಡ ನೀವಿಕೊಂಡು ಯೋಚಿಸಿದರು. "ಪದ್ಯ ನಿಜಕ್ಕೂ ಲಾಯ್ಕುಂಟಾ ಅಕ್ಕ?" "ಹೇಳುವುದು ನಾನಲ್ಲವಾ," ಎಂದರು ಮಾಮಿ. "ಹಾಗಾದ್ರೆ ದೋಣಿ ಉಂಟು," ಎಂದರು ಕಾಕ. ಇಂಥ ಒಪ್ಪಂದಕ್ಕೆ ಸಹಿ ಯಾಕೆ, ಸಾಕ್ಷಿ ಯಾಕೆ?

ಮೊದಲ ಸಂಜೆ ನಾನು ಶಾಲೆ ಬಿಟ್ಟ ಮೇಲೂ ಮನೆಗೆ ಬರದೆ ನರಿಕೊಂಬಿನ ದಡದಲ್ಲೇ ನಿಂತಿದ್ದೆ. ಹೊಳೆಯ ಮೇಲೆ ಬೆಳಕು ಕಂದುತ್ತಾ ಬಂದಾಗ ಆಚೆಯಿಂದ ಆ ಸ್ವರ ಎದ್ದು ಬಂತು. ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿದರು. ದನ ಹೊಡೆದುಕೊಂಡು ಹೋಗುತ್ತಿದ್ದವರು ನಿಂತರು. ದನಗಳೂ ನಿಂತವು, ಬೇಕಾದರೆ ನಂಬಿ! ಕೊಳಲು ಗಾಳಿಗೆ ಅರ್ಧ ಕೇಳಿ ಅರ್ಧ ಮರೆಯಾಗುತ್ತಿತ್ತು. "ಎಂತ ಟೀಚರ್ರೇ ಅದು?" ಎಂದು ಕೇಳಿದರು. "ಪಿಚ್ಚರು," ಎಂದೆ. "ಪೂರ್ತಿ ಬೇಕಾದ್ರೆ ಆಚೆ ಹೋಗ್ಬೇಕು."

ಆ ದಿನ ಒಂದು ದೋಣಿ ತುಂಬಿತು. ಮರುದಿನ ಕಾಕ ಮೂರು ಸಲ ಹುಟ್ಟು ಹಾಕಿದರು. ಅದರ ಮರುದಿನ ಮರಳು ತೆಗೆಯುವವರ ದೋಣಿಗಳೂ ಬಂದವು. ಒಂದರಲ್ಲಿ, ಸಿನಿಮಾ ನೋಡಿದರೆ ಮಕ್ಕಳು ಹಾಳಾಗುತ್ತಾರೆಂದು ಪ್ರತಿ ಸೋಮವಾರ ಭಾಷಣ ಮಾಡುವ ನಮ್ಮ ಹೆಡ್‌ಮಾಸ್ಟರು ತಲೆಗೆ ಶಾಲು ಮುಚ್ಚಿ ಕೂತಿದ್ದರು! "ಪದ್ಯ ಮಾತ್ರ ಕೇಳಿ ಬರ್ತೇನೆ," ಎಂದರು ನನ್ನನ್ನು ಕಂಡು. ನೆಲ ತುಂಬಿತು, ಬೆಂಚು ತುಂಬಿತು, ಕುರ್ಚಿ ಸಾಲದೆ ಧಣಿ ಪೇಟೆಯ ಹೋಟೆಲಿನಿಂದ ಸ್ಟೂಲು ತರಿಸಿದರು. ಅಷ್ಟು ಜನ ದಾಟಿ ಬರುವುದನ್ನು ನೋಡಿ ಬಂಟ್ವಾಳದ ಪೇಟೆಗೂ ಹೊಟ್ಟೆ ಉರಿಯಿತು. ಅವರೂ ಬಂದರು, ಟಿಕೆಟು ತೆಗೆದು! ಬೆಳ್ತಂಗಡಿಯಲ್ಲಿ ಮುಗ್ಗರಿಸಿದ ಪಿಚ್ಚರು ಬಂಟ್ವಾಳದಲ್ಲಿ ಎದ್ದು ಕುಣಿಯಿತು. ಮೂಡಬಿದ್ರೆಯ ಮಾತನ್ನು ಧಣಿ ಎತ್ತಲಿಲ್ಲ. ಮಾವ ದಿನವೂ ತಲೆ ಬಾಚಿ ಹೊರಟರು.

ಮಾಮಿಯ ಜಗಲಿಯಲ್ಲಿ ಮಾತ್ರ ಸದ್ದಿಲ್ಲ. ಗಾಳಿ ಈ ಕಡೆ ತಿರುಗಿದರೆ ಒಂದು ಚೂರು ಕೊಳಲು, ಮತ್ತೆ ಇಲ್ಲ.

ಧಣಿ ಬಾಳೆಗೊನೆ ಹೊರಿಸಿಕೊಂಡು ಬಂದರು. ಬಂದವರೇ ಕೈ ಮುಗಿದರು. "ಅಕ್ಕಾ, ನನ್ನ ಡೇರೆ ಉಳಿಸಿದ್ದು ನೀವು. ಎಂತ ಬೇಕು ಕೇಳಿ. ಇಲ್ಲ ಅನ್ನುವುದಿಲ್ಲ."

ಹಾರ್ನು ಈಚೆಗೆ ತಿರುಗಿಸಿ ಎನ್ನುತ್ತಾರೆಂದು ನಾನು ಎಣಿಸಿದ್ದೆ. ಮಾಮಿ ಸೆರಗಿಗೆ ಕೈ ಒರೆಸಿಕೊಂಡರು.

"ಡೇರೆಯ ಒಳಗೆ ಒಂದು ಬೆಂಚು. ನಮ್ಮಿಬ್ಬರಿಗೆ."

ಧಣಿಯ ಸಣ್ಣ ಸ್ವರ ಇನ್ನೂ ಸಣ್ಣದಾಯಿತು. ಯಾಕೆಂದರೆ ಆಗ ಡೇರೆಯೊಳಗೆ ಗಂಡಸರು ಒಂದು ಬದಿ, ಹೆಂಗಸರು ಒಂದು ಬದಿ, ನಡುವೆ ಹೆಣೆದ ತೆಂಗಿನ ಮಡಲಿನ ತಡಿಕೆ. ಪರದೆಯ ಮೇಲೆ ರಾಜ ರಾಣಿ ಒಂದೇ ಉಯ್ಯಾಲೆಯಲ್ಲಿ ತೂಗಿದರೂ ಕೆಳಗೆ ಗಂಡ ಹೆಂಡತಿ ಒಟ್ಟಿಗೆ ಕೂರುವಂತಿಲ್ಲ!

"ಅದು ಹೇಗೆ ಅಕ್ಕ... ನೀವು ಹೆಂಗಸರ ಕಡೆ ಕೂತ್ಕೊಳ್ಳಿ, ಅವರು ಆಚೆ..."

"ಅದಕ್ಕೆ ನಿಮ್ಮನ್ನು ಕೇಳ್ಬೇಕಾ? ಅದು ಟಿಕೆಟು ತೆಗೆದ್ರೂ ಸಿಗ್ತದೆ."

"ಜನ ಎಂತ ಹೇಳಿಯಾರು?"

"ಹೇಳುವವರಿಗೆ ನಾನು ಉತ್ತರ ಕೊಡ್ತೇನೆ."

ಬಂಟ್ವಾಳದಲ್ಲಿ ಮಾಮಿಯ ಉತ್ತರ ಕೇಳುವ ಧೈರ್ಯ ಯಾರಿಗಿದೆ? ಎಲ್ಲಕ್ಕಿಂತ ಹಿಂದೆ, ತಡಿಕೆ ಮುಗಿಯುವಲ್ಲಿ, ಆಚೆಗೂ ಸೇರದ ಈಚೆಗೂ ಸೇರದ ಜಾಗದಲ್ಲಿ ಧಣಿ ಒಂದು ಬೆಂಚು ಹಾಕಿಸಿದರು.

ಮಾಮಿ ಮದುವೆಗೆ ಉಡುವ ಸೀರೆ ಉಟ್ಟು ಹೊರಟರು. ಮಾವ ಮುಂದೆ, ಮಾಮಿ ಹಿಂದೆ, ಡೇರೆಗೆ ಡೇರೆಯೇ ತಿರುಗಿ ನೋಡಿತು. ಹೆಂಗಸರು ತಡಿಕೆಯ ಮೇಲಿನಿಂದ ಕತ್ತು ಚಾಚಿದರು. ಮಾಮಿ ರಾಣಿಯ ಹಾಗೆ ಹೋಗಿ ಕೂತರು. ದೀಪ ಆರಿತು, ಪರದೆ ಬೆಳಗಿತು. ಮಾಮಿ ಕಣ್ಣು ಮುಚ್ಚಿಕೊಂಡರು!

ಹೆಂಗಸರ ಕಡೆ ಕೊನೆಯ ಸಾಲಿನಲ್ಲಿ ನಾನಿದ್ದೆ. ಪಿಚ್ಚರು ಆಗಲೇ ನೋಡಿದ್ದರಿಂದ ಮಾಮಿಯನ್ನೇ ನೋಡುತ್ತಿದ್ದೆ. ಆ ಪದ್ಯ ಬಂತು. ಪರದೆಯ ಮೇಲೆ ರಾಣಿ ತೊಟ್ಟಿಲು ತೂಗುತ್ತಿದ್ದಳು. ಮಾಮಿ ಮಾವನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು ಅಂಗೈಯನ್ನು ಬಿಡಿಸಿದರು. ಒಂದು ಬೆರಳಿನಿಂದ ಅದರ ನಡುವೆ ತಬಲ ಹಾಕಿದರು, ನಿಧಾನಕ್ಕೆ. ಕೊಳಲು ಬಂದಾಗ ಆ ಬೆರಳು ಅಂಗೈಯಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಮೊಣಕೈಯವರೆಗೆ ಹತ್ತಿ ಹೋಗಿ ಮತ್ತೆ ಇಳಿದು ಬಂತು. ಮಾವ ಮೊದಲು ಪರದೆ ನೋಡುತ್ತಿದ್ದರು. ಆಮೇಲೆ ತಮ್ಮ ಕೈ ನೋಡಿದರು. ಆಮೇಲೆ ಅವರೂ ಕಣ್ಣು ಮುಚ್ಚಿದರು. ಪಿಚ್ಚರಿನ ಒಂದು ತುಣುಕನ್ನೂ ತಪ್ಪಿಸದ ಮನುಷ್ಯ! ನನಗೆ ಅಳು ಬಂತು, ಸೆರಗು ಬಾಯಿಗೆ ತುರುಕಿಕೊಂಡೆ.

ಪದ್ಯ ಮುಗಿದು, ತೊಟ್ಟಿಲು ಹೋಗಿ, ಸೈನ್ಯ ಬಂದು, ಕತ್ತಿಗೆ ಕತ್ತಿ ತಗಲಲು ಶುರುವಾಯಿತು. ನೆಲದವರು ಶಿಳ್ಳೆ ಹಾಕಿದರು. ಮಾವ ಕಣ್ಣು ಬಿಡಲಿಲ್ಲ, ಕೈ ತೆಗೆಯಲೂ ಇಲ್ಲ.

"ಇನ್ನೊಮ್ಮೆ ಹೇಳು," ಎಂದರು.

ಮಾಮಿ ಅವರ ಅಂಗೈ ಸರಿ ಮಾಡಿ ಹಿಡಿದು ಮೊದಲಿನಿಂದ ಶುರು ಮಾಡಿದರು.